ಎಲ್ಲರಿಗೂ ಕಳಿಸಿದ ಕ್ಷಮೆ

ಲಕ್ಷ್ಮಿಬಾಯಿ ಪದ್ಮವ್ವನ ಖಾರದಂಗಡಿಯ ಮೆಟ್ಟಿಲು ಹತ್ತಿದವಳೇ ತನ್ನ ಮೊಬೈಲನ್ನು ಅವಳ ಎದುರು, ತಕ್ಕಡಿಯ ಪಕ್ಕದಲ್ಲಿ ಇಟ್ಟಳು. "ಇದನ್ನ ನೀವ ಕಳಿಸೀರೇನ್ರಿ, ಪದ್ಮಕ್ಕಾ?"

ಪರದೆಯ ಮೇಲೆ ಪದ್ಮವ್ವನ ನಂಬರಿನಿಂದ ಬಂದ ವಾಟ್ಸಾಪ್ ಸಂದೇಶವಿತ್ತು. 'ತಿಳಿದೋ ತಿಳಿಯದೆಯೋ ನಿಮ್ಮ ಮನಸ್ಸು ನೋಯಿಸಿದ್ದರೆ ಕೈಮುಗಿದು ಕ್ಷಮೆ ಕೇಳುತ್ತೇನೆ. ಉತ್ತಮ ಕ್ಷಮಾ. ನಿಮ್ಮ ಪದ್ಮವ್ವ.' ದಶಲಕ್ಷಣ ಪರ್ವ ಮುಗಿದು, ಜೈನರು ಒಬ್ಬರಿಗೊಬ್ಬರು ಕ್ಷಮೆ ಕೇಳುವ ಕ್ಷಮಾವಣಿಯ ದಿನ ಅದು. ಪದ್ಮವ್ವ ಕನ್ನಡಕ ಹಾಕಿಕೊಂಡು ಓದಿದಳು. ತನ್ನದೇ ಮಾತನ್ನು ಅವಳು ಈಗಲೇ ಮೊದಲು ಓದುತ್ತಿದ್ದಾಳೆಂಬುದು ಮುಖ ನೋಡಿದರೆ ತಿಳಿಯುತ್ತಿತ್ತು.

"ನಾನ ಕಳಿಸೀನಿ ಕಾಕೂ," ಎನ್ನುತ್ತ ಮಗ ವೃಷಭ ಒಳಗಿನಿಂದ ಬಂದ. ಬೆಳಗಾವಿಯಲ್ಲಿ ಮಾರ್ಕೆಟಿಂಗ್ ತರಬೇತಿ ಮುಗಿಸಿಕೊಂಡು ಬಂದ ಮೇಲೆ ಅವನಿಗೆ ಕಾಕಾ, ಕಾಕೂ, ಮಾಮಾ, ಅಕ್ಕಂದಿರೆಲ್ಲ ಕಸ್ಟಮರ್ ಆಗಿಬಿಟ್ಟಿದ್ದರು. "ಬ್ರಾಡ್‌ಕಾಸ್ಟ್ ಅಂತಾರ್ರಿ ಇದಕ್ಕ. ಒಮ್ಮಿ ಒತ್ತಿದ್ರ ಎಲ್ಲಾ ಗಿರಾಕಿಗೋಳಿಗೂ ಹೋಗ್ತೈತಿ. ಆದ್ರ ಓದಿದವ್ರಿಗೆ ತಮಗೊಬ್ಬರಿಗಷ್ಟ ಬಂದೈತಿ ಅನಸ್ತೈತಿ."

"ಅನಸ್ತು," ಎಂದಳು ಲಕ್ಷ್ಮಿಬಾಯಿ.

ನಸುಕಿನಲ್ಲಿ ಅದನ್ನು ಓದಿ ಅವಳು ಅತ್ತಿದ್ದಳು. ಪೆಟ್ಟಿಗೆಯಲ್ಲಿದ್ದ ಒಳ್ಳೆಯ ಸೀರೆ ಉಟ್ಟು ಮನೆ ಬಿಟ್ಟಿದ್ದಳು. ಹಾರೂಗೇರಿ ಬಸ್‌ಸ್ಟ್ಯಾಂಡಿನ ಹತ್ತಿರ ರಿಕ್ಷಾ ಹೊಡೆಯುವ ಹಾಲಸಿದ್ದ ಸಿಕ್ಕ. ಸಂತೋಷ ತಡೆಯಲಾರದೆ ಅವನಿಗೂ ತೋರಿಸಿದಳು. "ನನಗೂ ಬಂದೈತೆವ್ವಾ," ಎಂದು ಅವನು ನಕ್ಕ. ಪದ್ಮವ್ವ ಹಾಲಸಿದ್ದನ ಮನಸ್ಸನ್ನು ಯಾವ ಜನ್ಮದಲ್ಲೂ ನೋಯಿಸಿದವಳಲ್ಲ. ಅವನೇ ಸಂದೇಶದ ಕೆಳಗಿನ 'ಇನ್ನಷ್ಟು ಓದಿ' ಎಂಬ ನೀಲಿ ಅಕ್ಷರ ಒತ್ತಿದಾಗ ಉಳಿದದ್ದೂ ತೆರೆದುಕೊಂಡಿತು. 'ಕ್ಷಮಾವಣಿ ಆಫರ್. ನಮ್ಮ ಎಲ್ಲ ಮಸಾಲಿ ಖಾರಕ್ಕೆ ಶೇಕಡಾ ಹತ್ತು ರಿಯಾಯಿತಿ.'

ಈ ಅಂಗಡಿ ಸಣ್ಣದಿದ್ದಾಗ ಇಬ್ಬರೂ ಕೂಡಿಯೇ ಖಾರ ಮಾಡುತ್ತಿದ್ದರು. ಒಂದು ವರ್ಷ ಬಸದಿಯಲ್ಲಿ ಉಪವಾಸ ಮಾಡಿದವರ ಪಾರಣೆಯ ಊಟಕ್ಕೆ ಕಳಿಸಿದ ಖಾರ ಜೈನರು ಮುಟ್ಟದ ಬೆಳ್ಳುಳ್ಳಿ ನಾರಿತು. ಉಪವಾಸವಿದ್ದವರು ಎತ್ತಿದ ತುತ್ತನ್ನು ಎಲೆಗೇ ಇಟ್ಟು ಎದ್ದರು. ಎಲ್ಲರೆದುರು ಪದ್ಮವ್ವ ಲಕ್ಷ್ಮಿಬಾಯಿಯತ್ತ ಬೊಟ್ಟು ಮಾಡಿ, "ಖಾರ ಆಕಿ ಮಾಡಿದ್ದು," ಎಂದುಬಿಟ್ಟಳು. ನಡೆದದ್ದು ಬೇರೆ. ಬೇರೆ ಯಾರದೋ ಬೆಳ್ಳುಳ್ಳಿ ಖಾರ ಕುಟ್ಟಿದ ಯಂತ್ರವನ್ನು ಒರೆಸಲೂ ಬಿಡದೆ, ಗಿರಣಿಯವನಿಗೆ ಅವಸರ ಮಾಡಿ ಕುಟ್ಟಿಸಿಕೊಂಡು ಬಂದವಳು ಪದ್ಮವ್ವ. ಗಿರಣಿಯವನು ಅದನ್ನು ಇಬ್ಬರಿಗೂ ಹೇಳಿದ. ಪದ್ಮವ್ವ ಕೇಳಿಸಿಕೊಂಡು ಸುಮ್ಮನಾದಳು. ಲಕ್ಷ್ಮಿಬಾಯಿಯನ್ನು ಆಮೇಲೆ ಯಾರೂ ಬಸದಿಯ ಅಡುಗೆಮನೆಗೆ ಕರೆಯಲಿಲ್ಲ. ಅವಳು ಬಿಟ್ಟುಹೋದ ಅಂಗಡಿ ಮಾತ್ರ ಬೆಳೆಯಿತು.

"ಸಿಟ್ಟ ಮಾಡಬ್ಯಾಡ್ರಿ ಕಾಕೂ," ವೃಷಭ ಸಮಾಧಾನ ಮಾಡಲು ನೋಡಿದ. "ಕಂಡಕಂಡವ್ರಿಗೆಲ್ಲಾ ಹೋಗೂದಿಲ್ರಿ ಇದು. ಅವ್ವನ ನಂಬರ್ ಸೇವ್ ಮಾಡಿ ಇಟ್ಕೊಂಡವ್ರಿಗಷ್ಟ ಮುಟ್ತೈತಿ."

ಪದ್ಮವ್ವ ತಟ್ಟನೆ ತಲೆ ಎತ್ತಿದಳು. ಇಷ್ಟು ವರ್ಷವಾದರೂ ಲಕ್ಷ್ಮಿಬಾಯಿ ಪದ್ಮವ್ವನ ನಂಬರನ್ನು ಅಳಿಸಿರಲಿಲ್ಲ. ಅವಳ ಕಣ್ಣಿಗೆ ಕಣ್ಣು ಕೊಡಲಾರದೆ ಪದ್ಮವ್ವ ಮತ್ತೆ ತಕ್ಕಡಿ ನೋಡತೊಡಗಿದಳು.

"ಹಂಗಾದ್ರ ಛಲೋ ಆತು," ಎಂದಳು ಲಕ್ಷ್ಮಿಬಾಯಿ. "ಅದ ಮಂದಿಗಿ ಇನ್ನೊಂದ ಕಳಸು, ವೃಷಭಾ. ಬಸದಿ ಖಾರದಾಗ ಬಳ್ಳೊಳ್ಳಿ ಬಿದ್ದಿದ್ದು ನನ್ನ ತಪ್ಪು, ಲಕ್ಷ್ಮಿಬಾಯಿದಲ್ಲ. ಇಷ್ಟ ಬರಿ. ಕೆಳಗ ನಿಮ್ಮವ್ವನ ಹೆಸರ ಹಾಕು."

ವೃಷಭ ನಗಲು ಹೋದವನು ಅವಳ ಮುಖ ನೋಡಿ ನಿಲ್ಲಿಸಿದ. "ಕಾಕೂ, ನಾವು ಮಾರೂದ ಜೈನ ಖಾರ. ಅದರಾಗ ಬಳ್ಳೊಳ್ಳಿ ಬಿದ್ದಿತ್ತಂತ ನಾವ ಹೇಳಿದ್ರ ಧಂದಾ ಮುಳುಗ್ತೈತ್ರಿ. ಕ್ಷಮಾ ಕೇಳೂದು ಬ್ಯಾರೆ, ಇದು ಬ್ಯಾರೆ."

"ಹ್ಯಾಂಗ ಬ್ಯಾರೆ? ಏನ ತಪ್ಪ ಮಾಡೀವಿ ಅನ್ನೂದ ಹೇಳದ ಊರ ಮಂದಿಗೆಲ್ಲಾ ಕ್ಷಮಾ ಕೇಳೀರಿ. ತಪ್ಪ ಮಾಡಿದ್ದು ಒಬ್ಬಾಕಿಗಿ. ಆಕಿ ಎದರಿಗೇ ನಿಂತಾಳ, ನಿಮ್ಮವ್ವನ ಬಾಯಾಗಿಂದ ಒಂದ ಮಾತ ಹೊಂಡವಲ್ದು."

ವೃಷಭನ ಕೈಯಲ್ಲಿದ್ದ ಪದ್ಮವ್ವನ ಮೊಬೈಲು ಟಣ್ಣೆಂದಿತು. ಅಥಣಿಯ ಗಿರಾಕಿಯೊಬ್ಬರ ಉತ್ತರ ಬಂದಿತ್ತು: 'ಕ್ಷಮಿಸಿದ್ದೇವೆ. ರಿಯಾಯಿತಿ ಎಂದಿನವರೆಗೆ?' ಇಂಥ ಹೊತ್ತಿನಲ್ಲೂ ವೃಷಭನ ಹೆಬ್ಬೆರಳು ಅದಕ್ಕೆ ಜವಾಬು ಬರೆಯತೊಡಗಿತು.

"ಹಬ್ಬದ ದಿವಸ ಜಗಳ ಬ್ಯಾಡ ಲಕ್ಷ್ಮೀ. ಆಗಿದ್ದಾತು," ಪದ್ಮವ್ವ ಕೊನೆಗೂ ಬಾಯಿಬಿಟ್ಟಳು. ಹಿಂದಿನ ಕಪಾಟಿನಿಂದ ಖಾರದ ಪಾಕೀಟೊಂದನ್ನು ತೆಗೆದು ಮುಂದೆ ಸರಿಸಿದಳು. "ಇದನ್ನ ಒಯ್ಯಿ. ರೊಕ್ಕ ಬ್ಯಾಡ."

ಕ್ಷಮೆ ಕೇಳಲಾರದ ಬಾಯಿ ಪುಕ್ಕಟೆ ಪಾಕೀಟು ಕೊಡಲು ಸಲೀಸಾಗಿ ತೆರೆದಿತ್ತು. ಲಕ್ಷ್ಮಿಬಾಯಿ ಅದನ್ನು ಕೈಗೆತ್ತಿಕೊಂಡು ಮೇಲಿನ ಅಕ್ಷರಗಳನ್ನು ನಿಧಾನವಾಗಿ ಓದಿದಳು. 'ಬೆಳ್ಳುಳ್ಳಿ ಇಲ್ಲ, ಉಳ್ಳಾಗಡ್ಡಿ ಇಲ್ಲ. ನಂಬಿಕೆಯೇ ನಮ್ಮ ರುಚಿ.' ಓದಿ, ಎಲ್ಲಿಂದ ಎತ್ತಿದ್ದಳೋ ಅಲ್ಲೇ ಇಟ್ಟಳು.

"ನಾಳಿ ಇದರಾಗ ಬಳ್ಳೊಳ್ಳಿ ಬಿದ್ರ ಯಾರ ಹೆಸರ ಹೇಳ್ತೀರಿ, ಪದ್ಮಕ್ಕಾ?"

ಉತ್ತರಕ್ಕೆ ಕಾಯದೆ ಅವಳು ಮೆಟ್ಟಿಲಿಳಿದು ಹೋದಳು. ಪದ್ಮವ್ವ ಕತ್ತೆತ್ತಿ ಅಂಗಡಿಯ ಸುತ್ತ ನೋಡಿದಳು. ಅಲ್ಲಿ ಮಗನ ಹೊರತು ಬೇರೆ ಯಾರೂ ಇರಲಿಲ್ಲ.