ಒಂದು ಬಾಟಲಿ ಎಣ್ಣೆ

ಕಾದ ಡಾಂಬರಿನ ಡ್ರಮ್ಮು ಉರುಳಿದ ಸದ್ದಿಗೆ ಗುತ್ತಿಗೆದಾರ ಓಡಿಬಂದ. ಅವನ ಹೊಸ ಬಿಳಿ ಕಾರಿನ ಬಾಗಿಲ ತುಂಬ ಕಪ್ಪು ಚುಕ್ಕೆಗಳು ಸಿಡಿದಿದ್ದವು. ಅಷ್ಟರಲ್ಲಿ ಕೂಲಿಯಾಳು ಹುಲಿಗೆವ್ವ, ಡಾಂಬರು ಬಿಡಿಸುವ ಕೊಬ್ಬರಿ ಎಣ್ಣೆಯ ಬಾಟಲಿ ಹಿಡಿದು ಅದೇ ದಾರಿಯಲ್ಲಿ ಓಡುತ್ತ ಬಂದಳು.

"ಶಾಣ್ಯಾಕಿ ಅದಿ ನೋಡು! ಹಚ್ಚು."

"ಸಾಹುಕಾರ್ರ, ಈ ಎಣ್ಣಿ..."

"ಮಾತು ಆಮ್ಯಾಲೆ. ಕಲೆ ಉಳೀತಂದ್ರ ಗಂಡ ಹೆಂಡ್ತಿ ಇಬ್ರೂ ನಾಳಿಂದ ಕೆಲಸಕ್ಕ ಬರಬ್ಯಾಡ್ರಿ."

ಅವಳು ಎಣ್ಣೆ ಸವರಿ, ನೆನೆಯಲು ಬಿಟ್ಟು, ಸೆರಗಿನಿಂದ ಒರೆಸತೊಡಗಿದಳು.

"ಮೆತ್ತಗ! ಬಣ್ಣ ಸುಲಿದೀತು."

ಬಾಗಿಲು ಹೊಳೆಯುವಷ್ಟರಲ್ಲಿ ಬಾಟಲಿ ಬರಿದಾಗಿತ್ತು.

"ಕಾರಿಗೆ ಸಿಡಿದದ್ದು ನಿನಗ ಅಷ್ಟು ಲಗೂನ ಹೆಂಗ ಗೊತ್ತಾತು?"

"ಗೊತ್ತಿರಲಿಲ್ರಿ" ಎಂದವಳೇ ಹುಲಿಗೆವ್ವ, ರೋಲರಿನ ಆಚೆ ಮುಖದ ತುಂಬ ಡಾಂಬರು ಮೆತ್ತಿಕೊಂಡು ಬಿದ್ದಿದ್ದ ಗಂಡನತ್ತ ಬರಿ ಬಾಟಲಿ ಹಿಡಿದು ಓಡಿದಳು.