ಸೀಟಿನ ಮೇಲಿನ ಕಲ್ಲಂಗಡಿ

ಕಲ್ಲಂಗಡಿ ಹೆಚ್ಚಿದಾಗಲೆಲ್ಲ ಈಗಲೂ ನನ್ನ ಮೂಗಿಗೆ ಡೀಸೆಲ್ ವಾಸನೆ ಬಡಿಯುತ್ತದೆ.

ನನಗಾಗ ಏಳು ವರ್ಷ. ಕೆಟ್ಟು ನಿಂತಿದ್ದ ಅಜ್ಜನ ಕಾಲದ ಟ್ರ್ಯಾಕ್ಟರನ್ನು ರಿಪೇರಿಗೆಂದು ರಾಯಚೂರಿಗೆ ಒಯ್ಯಲು ನಮ್ಮೂರು ಹಿರೇಕೊಟ್ನೆಕಲ್ಲಿಗೆ ಲಾರಿ ಬಂದಿತ್ತು. ಡ್ರೈವರ್ ಖಾಜಾಸಾಬ ಅದನ್ನು ಮೇಲೇರಿಸಿ, ಗಾಲಿಗಳಿಗೆ ಕಟ್ಟಿಗೆಯ ತುಂಡು ಅಡ್ಡ ಕೊಟ್ಟು, ನಾಲ್ಕೂ ಮೂಲೆಗೆ ಸರಪಳಿ ಬಿಗಿದ. ನಾನು ಬಿಸಿಲಿಗೆ ಕಾದ ಟ್ರ್ಯಾಕ್ಟರಿನ ಸೀಟೇರಿ, ಇಳಿಯುವುದಿಲ್ಲವೆಂದು ಹಟ ಹಿಡಿದೆ.

“ಕುಂದರ್ಲಿ ಬಿಡಪಾ, ಗಟ್ಟಿ ಕಟ್ಟೀಯಲ್ಲ,” ಎಂದ ಅಪ್ಪ.

“ಗಾಡಿ ಕಟ್ಟೀನ್ರೀ, ಕೂಸಿನ್ನ ಕಟ್ಟಿಲ್ಲ,” ಎಂದ ಖಾಜಾಸಾಬ ನನ್ನನ್ನು ಇಳಿಸಿ, ಚೀಕಲಪರ್ವಿಯ ಹೊಳೆದಂಡೆಯಿಂದ ತಂದಿದ್ದ ಕಲ್ಲಂಗಡಿಯೊಂದನ್ನು ಆ ಸೀಟಿನ ಮೇಲಿಟ್ಟ. “ಇದು ರಾಯಚೂರು ಮುಟ್ಟಿದ್ರ, ಹೊಳ್ಳಿ ಬರೋ ಮುಂದ ನೀ ಅಲ್ಲೇ ಕುಂದ್ರುವಂತಿ, ಯವ್ವಾ.”

ಅಪ್ಪನೂ ನಾನೂ ಲಾರಿಯ ಮುಂದುಗಡೆ ಡ್ರೈವರ್ ಪಕ್ಕ ಕೂತೆವು. ಕಾಲುವೆಯ ನೀರು, ಭತ್ತದ ಹಸಿರು, ಬಿಸಿಲು ಎಲ್ಲವೂ ನನ್ನ ನಿದ್ದೆಗಣ್ಣಿನಲ್ಲಿ ಮೆಲ್ಲಗೆ ಹಿಂದೆ ಸರಿದವು. ದಾರಿಯಲ್ಲೊಂದು ಸೇತುವೆ ಹತ್ತಿಳಿದ ಮೇಲೆ, ಸರಪಳಿ ನೋಡಲು ಖಾಜಾಸಾಬ ಲಾರಿ ನಿಲ್ಲಿಸಿದ. ಟ್ರ್ಯಾಕ್ಟರ್ ಒಂದಿಷ್ಟೂ ಕದಲಿರಲಿಲ್ಲ. ಸೀಟು ಮಾತ್ರ ಖಾಲಿಯಿತ್ತು. ಕೆಳಗೆ ಹಣ್ಣು ಒಡೆದು, ಕೆಂಪು ರಸ ಟ್ರ್ಯಾಕ್ಟರಿನಿಂದ ಸೋರಿದ ಡೀಸೆಲಿನೊಳಗೆ ಹರಿಯುತ್ತಿತ್ತು.

ಮತ್ತೆ ಲಾರಿ ಹತ್ತಿದೆವು. ಅಪ್ಪ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡ. ರಾಯಚೂರು ಬರುವವರೆಗೂ ನನ್ನ ಸೊಂಟ ಬಳಸಿದ್ದ ಅವನ ಕೈ ಸಡಿಲಾಗಲೇ ಇಲ್ಲ.