ಗೆರೆ ಏರಿದ ಹೊತ್ತು

ತಟ್ಟೆಯ ನೀರಿನಲ್ಲಿ ಗಾಜಿನಿಂದ ಬಿಡಿಸಿಕೊಂಡ ಪೊರೆ ಹಾಲಿನ ಕೆನೆಯಂತೆ ತೇಲಿತು. ಇನ್‌ಸುಕ್ ಉಸಿರು ಬಿಗಿಹಿಡಿದು ಬಲ ಮುಂಗೈಯನ್ನು ಅದರ ಕೆಳಗೆ ಜಾರಿಸಿ ಮೆಲ್ಲಗೆ ಎತ್ತಿದಳು. ಪೊರೆ ಚರ್ಮಕ್ಕೆ ಅಂಟಿಕೊಂಡಿತು. ಮಡಚಿದರೂ ಹಿಗ್ಗಿಸಿದರೂ ವಿದ್ಯುತ್ ಹರಿಸುವ ಪ್ಲಾಸ್ಟಿಕ್ ಅದು. ಮೈಯ ಬಿಸಿ, ಬೆವರು ಎರಡನ್ನೂ ಅಳೆದು ಕಂಪ್ಯೂಟರಿಗೆ ತಿಳಿಸುತ್ತದೆ. ಕೊರಿಯಾದ ಡೇಜಾನ್ ನಗರದ ಆ ಪ್ರಯೋಗಾಲಯದಲ್ಲಿ ಅದನ್ನು ಹರಿಯದಂತೆ ಎತ್ತಬಲ್ಲ ಕೈ ಅವಳದೊಂದೇ. ಹಾಗಾಗಿ ಹೊಸ ರಾಸಾಯನಿಕ ಪಾಕದ ಪೊರೆಯನ್ನು ಮೊದಲು ತೊಡುವವಳೂ ಅವಳೇ.

"ಅಕ್ಕಾ, ನಿನ್ನೆಯ ಗೆರೆಯದೂ ಅದೇ ಕಥೆ, ನೋಡಿ." ಆ ಪಾಕಕ್ಕೆ ಎಂಟು ತಿಂಗಳು ಸುರಿದಿದ್ದ ಸಂಶೋಧಕಿ ಬೋರಾ ಪರದೆ ತಿರುಗಿಸಿದಳು. ಮಟ್ಟಸವಾಗಿ ಸಾಗಿದ್ದ ಗೆರೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಗುಡ್ಡದಂತೆ ಎದ್ದು, ಆಮೇಲೆ ನಿಧಾನಕ್ಕೆ ಇಳಿದಿತ್ತು. "ನೀವು ಕೂತಲ್ಲೇ ಕೂತಿದ್ರಿ. ರೂಮು ತಣ್ಣಗಿತ್ತು. ಸುಮ್ನೆ ಕೂತವರ ಮೈ ಹೀಗೆ ಕುದಿಯುತ್ತಾ?"

"ಖಾರದ ಕಿಮ್ಚಿ ಸಾರು ಕುಡಿದಿದ್ನೇನೋ."

"ಹನ್ನೊಂದು ಗಂಟೆಗಾ? ಅದರ ಪರವಾಗಿ ವಕೀಲಿ ಮಾಡ್ಬೇಡಿ ಅಕ್ಕಾ. ಪೊರೆಗೇ ತಲೆ ಕೆಟ್ಟಿದೆ. ಸಂಜೆ ಪ್ರೊಫೆಸರಿಗೆ ಹೇಳಿ ಅಷ್ಟನ್ನೂ ಬಿಸಾಕ್ತೀನಿ." ನಗುತ್ತಲೇ ಅಂದಳು, ಕಣ್ಣು ಮಾತ್ರ ಕೆಂಪಾಗಿತ್ತು.

ಇನ್‌ಸುಕ್‌ಗೆ ನೆನಪಿತ್ತು. ನಿನ್ನೆ ಎದೆಯಿಂದ ಕೆನ್ನೆಗೆ ಬೆಂಕಿ ಏರಿದಾಗ ಗಡಿಯಾರ ನೋಡಿದ್ದಳು: ಹನ್ನೊಂದು ಗಂಟೆ ಹನ್ನೆರಡು ನಿಮಿಷ. ಐವತ್ತರ ಅಂಚಿನಲ್ಲಿ ಮುಟ್ಟು ತಪ್ಪತೊಡಗಿದಂದಿನಿಂದ, ಒಂದು ವರ್ಷದಿಂದ, ಇದೇ ಪಾಡು. ಕಳೆದ ವಾರ ಕ್ಯಾಂಟೀನಿನ, ತನ್ನದೇ ವಯಸ್ಸಿನ ಹೆಂಗಸು ಚಳಿಯಲ್ಲೂ ಗಾಳಿ ಬೀಸಿಕೊಳ್ಳುತ್ತಿದ್ದುದನ್ನು ಕಂಡು ಪ್ರಯೋಗಾಲಯದವರೆಲ್ಲ ಮುಸಿಮುಸಿ ನಕ್ಕಿದ್ದರು. ಬೋರಾ ಕೂಡ.

ಆದರೆ ಪರದೆಯ ಗುಡ್ಡ ಎರಡು ನಿಮಿಷ ಮೊದಲೇ ಎದ್ದಿತ್ತು. ತನಗೆ ತಿಳಿಯುವ ಮುಂಚೆ ಈ ಕೆನೆಗೆ ತಿಳಿದಿತ್ತು! ಗಂಡನಿಗೂ ಹೇಳದ್ದು ಇಲ್ಲಿ ಇಷ್ಟು ನಿಚ್ಚಳವಾಗಿ ಬರೆದುಕೊಂಡಿತ್ತು. ಅವಳು ಇನ್ನಷ್ಟು ಬಗ್ಗಿದಳು.

"ಏನಕ್ಕಾ, ಗಂಡು ನೋಡೋಕೆ ಬಂದವರ ಹಾಗೆ ನೋಡ್ತೀರಿ!"

"ಚೆನ್ನಾಗಿದೆ ಕಣೆ."

"ಕೆಟ್ಟುಹೋದದ್ದರಲ್ಲಿ ಏನು ಚೆಂದವೋ!" ಬೋರಾ ಕಾಫಿಗೆ ಹೊರಟಳು.

ಬಾಗಿಲು ಮುಚ್ಚಿಕೊಂಡಿತು. ಇನ್‌ಸುಕ್ ಕಪಾಟಿನಿಂದ ಹಳೆಯ ಪಾಕದ ಪೊರೆಯೊಂದನ್ನು ತೆಗೆದಳು. ಎರಡು ವರ್ಷದಿಂದ ಎಲ್ಲರೂ ನಂಬಿದ್ದ ಪೊರೆ. ಅದನ್ನು ಎಡ ಮುಂಗೈಗೆ ಅಂಟಿಸಿ, ಎರಡೂ ಕೈಗಳ ಪೊರೆಗೆ ತಂತಿ ಜೋಡಿಸಿದಳು. ಪರದೆಯ ಮೇಲೆ ಇವತ್ತಿನ ಎರಡು ಗೆರೆ ಮೂಡಿದವು. ಎರಡೂ ಒಟ್ಟಿಗೆ ಏರಿದರೆ ಹೊಸದರ ಮೇಲಿನ ಆರೋಪ ಬಿದ್ದುಹೋಗುತ್ತದೆ. ಏಕೆ ಏರಿತೆಂದು ಬೋರಾ ಕೇಳಿಯಾಳು. ಕೇಳಲಿ.

ಒಂದು ವರ್ಷದಿಂದ ಬಾರದಿರಲೆಂದು ಬೇಡಿಕೊಂಡಿದ್ದ ಬಿಸಿಗಾಗಿ, ಎರಡೂ ಕೈ ಮೇಜಿನ ಮೇಲಿಟ್ಟು, ಅವಳು ಮೊದಲ ಸಲ ಕಾಯುತ್ತಾ ಕುಳಿತಳು.